ಟ್ಯಾಬ್ ಹಳತಾಯ್ತು ಅಂತ ತೀರ್ಮಾನಿಸೋದು ಯಾರು?

ಹಬ್ಬದ ಆಫರ್‌ಗಳು ಶುರುವಾದರೆ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನನ್ನ ಟ್ಯಾಬ್ ಐದಾರು ವರ್ಷ ಹಳೇದು, ಬದಲಾಯಿಸ್ಲಾ?" ನಾನು ತಿರುಗಿ ಕೇಳೋದು, "ಅದರಲ್ಲಿ ಈಗ ಏನು ಮಾಡೋಕೆ ಆಗ್ತಿಲ್ಲ?" ಬಹಳಷ್ಟು ಸಲ ಉತ್ತರವೇ ಬರಲ್ಲ. ಪಿಡಿಎಫ್ ತೆರೆಯುತ್ತೆ, ಆನ್‌ಲೈನ್ ಕ್ಲಾಸ್ ನಡೆಯುತ್ತೆ, ಬಜೆಟ್ ಪ್ರತಿ, ಕೋರ್ಟ್ ಆದೇಶ ಎಲ್ಲಾ ಓದಬಹುದು. ಆದರೂ ಅದು ಹಳೇದು ಅನ್ನೋ ಭಾವನೆ ಮಾತ್ರ ಗಟ್ಟಿಯಾಗಿ ಕೂತಿರುತ್ತೆ.

ಬಿಡಿಸಿ ನೋಡೋಣ. ಲಿಥಿಯಂ-ಅಯಾನ್ ಬ್ಯಾಟರಿ ಸವೆಯೋ ವಸ್ತು, ಸೈಕಲ್ ಟೈರ್ ಇದ್ದ ಹಾಗೆ. 1000 ಸಲ ಪೂರ್ತಿ ಚಾರ್ಜ್ ಆದ ಮೇಲೂ ಮೂಲ ಸಾಮರ್ಥ್ಯದ ಶೇ. 80ರಷ್ಟು ಉಳಿಯುವಂತೆ ಐಪ್ಯಾಡ್ ಬ್ಯಾಟರಿಗಳನ್ನು ರೂಪಿಸಿದ್ದೇವೆ ಎನ್ನುತ್ತದೆ ಆಪಲ್. ಟೈರ್ ಸವೆದರೆ ಯಾರೂ ಸೈಕಲ್ಲನ್ನೇ ಮಾರಲ್ಲ. ಟ್ಯಾಬ್ ವಿಷಯದಲ್ಲಿ ಮಾತ್ರ ನಾವು ಮಾಡೋದು ಅದನ್ನೇ. ಯಾಕಂದ್ರೆ ಬ್ಯಾಟರಿಯನ್ನು ಒಳಗೆ ಅಂಟು ಹಾಕಿ ಕೂರಿಸಿರ್ತಾರೆ, ತೆಗೆಯೋಕೆ ಮೊದಲು ಪರದೆಯನ್ನು ಬಿಸಿ ಮಾಡಿ ಬಿಡಿಸಬೇಕು. ನನ್ನ ಟ್ಯಾಬ್ ಬ್ಯಾಟರಿ ಕೈಕೊಟ್ಟಾಗ ಸರ್ವಿಸ್ ಸೆಂಟರ್‌ನಲ್ಲಿ ಸಿಕ್ಕ ಉತ್ತರ, "ಈ ಮಾಡೆಲ್‌ಗೆ ಪಾರ್ಟ್ಸ್ ಬರ್ತಿಲ್ಲ, ಎಕ್ಸ್‌ಚೇಂಜ್ ಮಾಡ್ಬಿಡಿ." ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದು ಒಂದು ಮಧ್ಯಾಹ್ನದ ಕೆಲಸ ಆಗಿತ್ತು. (ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಚಾರ್ಜ್‌ಗೆ ಹಾಕಲೇಬೇಡಿ.)

ನಿಜವಾದ ಗಂಟು ಇರೋದು ಸಾಫ್ಟ್‌ವೇರ್‌ನಲ್ಲಿ. 2018ರ ಆರನೇ ತಲೆಮಾರಿನ ಐಪ್ಯಾಡ್, 2019ರ ಏಳನೇ ತಲೆಮಾರಿನ ಐಪ್ಯಾಡ್, ಎರಡರಲ್ಲೂ ಇರೋದು ಅದೇ ಎ10 ಚಿಪ್. 2024ರಲ್ಲಿ ಬಂದ ಐಪ್ಯಾಡ್‌ಓಎಸ್ 18 ಎರಡನೆಯದಕ್ಕೆ ಸಿಕ್ಕಿತು, ಮೊದಲನೆಯದಕ್ಕೆ ಸಿಗಲಿಲ್ಲ. ಒಂದರಲ್ಲಿ 2 ಜಿಬಿ ರ‍್ಯಾಮ್, ಇನ್ನೊಂದರಲ್ಲಿ 3 ಜಿಬಿ, ಅದು ನಿಜ. ಆದರೆ ಗೆರೆ ಎಲ್ಲಿ ಎಳೀಬೇಕು ಅಂತ ನಿರ್ಧರಿಸಿದ್ದು ಕಂಪನಿ. ಮರುವರ್ಷ ಐಪ್ಯಾಡ್‌ಓಎಸ್ 26 ಬಂದಾಗ ಏಳನೆಯದೂ ಪಟ್ಟಿಯಿಂದ ಹೊರಬಿತ್ತು. ಗಾಜು ಒಡೆದಿಲ್ಲ, ಚಿಪ್ ಸುಟ್ಟಿಲ್ಲ, ಯಂತ್ರ ಹಳತಾಯ್ತು!

ಹಾಗಂತ ಗಾಬರಿ ಬೇಡ. ಹೊಸ ಆವೃತ್ತಿ ನಿಲ್ಲೋದು ಬೇರೆ, ಸೆಕ್ಯುರಿಟಿ ಪ್ಯಾಚ್ ನಿಲ್ಲೋದು ಬೇರೆ. ಆರನೇ ತಲೆಮಾರಿನ ಐಪ್ಯಾಡ್‌ಗೆ ಹಳೆಯ ಆವೃತ್ತಿಯ ಪ್ಯಾಚ್‌ಗಳು 2025ರಲ್ಲೂ ಬಂದವು. ಆಂಡ್ರಾಯ್ಡ್ ಟ್ಯಾಬ್ ಆದರೆ ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ಅದು ವರ್ಷಕ್ಕಿಂತ ಹಿಂದಿನದಾಗಿದ್ದು, ಅದೇ ಟ್ಯಾಬ್‌ನಲ್ಲಿ ನಿಮ್ಮ ಬ್ಯಾಂಕ್ ಆ್ಯಪ್, ಸಂಘಟನೆಯ ಗ್ರೂಪ್, ನಂಬಿ ಮಾಹಿತಿ ಕೊಟ್ಟವರ ಹೆಸರು ಇದ್ದರೆ, ಬದಲಾಯಿಸಿ. ಇಲ್ಲಿ ನಾನು ಉಳಿತಾಯದ ಪಾಠ ಹೇಳಲ್ಲ, ಅಪಾಯ ನಿಮಗೊಬ್ಬರಿಗೇ ಅಲ್ಲ. ಬರೀ ಓದೋಕೆ ಬಳಸೋದಾದರೆ ಅಕೌಂಟ್‌ಗಳಿಂದ ಲಾಗ್‌ಔಟ್ ಆಗಿ, ಅದು ಇನ್ನೂ ವರ್ಷಗಟ್ಟಲೆ ಬರುತ್ತೆ.

ಕೊಳ್ಳಲೇಬೇಕು ಅಂತಾದರೆ ಅಂಗಡಿಯವರು ಹೇಳದ ಒಂದು ಲೆಕ್ಕ ಇದೆ. 'ಇಷ್ಟು ವರ್ಷ ಅಪ್‌ಡೇಟ್' ಅನ್ನೋ ಭರವಸೆಯ ಎಣಿಕೆ ಸಾಮಾನ್ಯವಾಗಿ ಶುರುವಾಗೋದು ನೀವು ಬಿಲ್ ಮಾಡಿಸಿದ ದಿನದಿಂದಲ್ಲ, ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. 4 ವರ್ಷದ ಭರವಸೆಯ, 2 ವರ್ಷ ಹಳೆಯ ಮಾಡೆಲ್ ಆಫರ್‌ನಲ್ಲಿ 18,000 ರೂಪಾಯಿಗೆ ಸಿಕ್ತು ಅಂದ್ಕೊಳ್ಳಿ. ಉಳಿದದ್ದು 2 ವರ್ಷ, ಅಂದರೆ ವರ್ಷಕ್ಕೆ 9,000. ಈಗಷ್ಟೇ ಬಂದ, 5 ವರ್ಷದ ಭರವಸೆಯ ಟ್ಯಾಬ್ 28,000 ಆದರೂ ವರ್ಷಕ್ಕೆ ಬೀಳೋದು 5,600.

ಇದೆಲ್ಲ ಲೆಕ್ಕ ಹಾಕೋ ಹೊಣೆ ಗ್ರಾಹಕರ ತಲೆ ಮೇಲೇ ಯಾಕೆ? ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನ್, ಟ್ಯಾಬ್‌ಗಳಿಗೆ ನಿಯಮ ಬಂದಿದೆ: ಮಾಡೆಲ್‌ನ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, 800 ಸಲ ಚಾರ್ಜ್ ಆದ ಮೇಲೂ ಬ್ಯಾಟರಿ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಯಾವ ಸಾಧನ ಎಷ್ಟು ಸುಲಭವಾಗಿ ರಿಪೇರಿಯಾಗುತ್ತೆ ಅಂತ ಅಂಕ ಕೊಡುವ ಸೂಚ್ಯಂಕಕ್ಕೆ 2024ರಲ್ಲಿ ಇನ್ನೊಂದು ಸಮಿತಿ, 2025ರಲ್ಲಿ ಅದರ ವರದಿ. ಕಂಪನಿಗಳನ್ನು ಕಟ್ಟಿಹಾಕುವ ಕಾಯ್ದೆ ಮಾತ್ರ ಬರಲಿಲ್ಲ.

2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಸರಿಯಾಗಿ ಮರುಬಳಕೆಗೆ ಹೋಗಿದ್ದು ಶೇ. 22.3 ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಆದ್ದರಿಂದ ಹಳೇ ಟ್ಯಾಬ್ ಕೊಡುವಾಗ ಎಕ್ಸ್‌ಚೇಂಜ್ ಬೆಲೆ ಜತೆಗೆ ಅದು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಿ. ನಾನು ಕೇಳಿದಾಗ ಕೌಂಟರ್‌ನಲ್ಲಿದ್ದ ಹುಡುಗ ನಕ್ಕು, "ಯಾರೂ ಇದನ್ನ ಕೇಳಲ್ಲ ಕಣಣ್ಣ" ಅಂದ.