ಅಡುಗೆಮನೆಯ ಹೊಗೆ, ಪ್ರಬಂಧದ ವಾದ

ಪಕ್ಕದ ಮನೆಯ ಸೊಸೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಮೊನ್ನೆ ಸಂಜೆ, ಹಿಂದಿರುಗಿ ಬಂದ ತನ್ನ ಪ್ರಬಂಧವನ್ನು ಹಿಡಿದುಕೊಂಡು ಬಂದಳು. ಕಣ್ಣಂಚಿನಲ್ಲಿ ನೀರು.

"ನೋಡಿ ಅಕ್ಕಾ, ಮಗು ಮಲಗಿದ ಮೇಲೆ ಕೂತು ಎರಡು ತಿಂಗಳು ಬರೆದದ್ದು. 'ಮಾಹಿತಿ ಇದೆ, ವಾದ ಇಲ್ಲ' ಅಂತ ಒಂದೇ ಸಾಲು ಬರೆದು ಕಳಿಸಿದ್ದಾರೆ. ಇನ್ನು ಹದಿನೈದೇ ದಿನ ಟೈಮು. ಅತ್ತೆ 'ಸಾಕು ಬಿಡು ಓದಿದ್ದು' ಅಂತಾರೆ."

ಓದಿ ನೋಡಿದೆ. ವಿಷಯ, ತ್ರಿವೇಣಿಯವರ 'ಶರಪಂಜರ'. ಮೊದಲ ಸಾಲೇ "ತ್ರಿವೇಣಿ ಶ್ರೇಷ್ಠ ಕಾದಂಬರಿಕಾರ್ತಿ." ಯಾರು ಅಲ್ಲವೆಂದರು? ಒಬ್ಬರಾದರೂ "ಹೌದೇ?" ಎಂದು ಹುಬ್ಬೇರಿಸುವಂತಹ ಮಾತಿದ್ದರೆ ತಾನೆ ವಾದ ಬೇಕಾಗುವುದು!

ಸೋದರಿಯರೇ, ವಾದವೆಂದರೆ ಜಗಳವಲ್ಲ. ನಮ್ಮ ನ್ಯಾಯಶಾಸ್ತ್ರ ಅದಕ್ಕೆ ಐದು ಮೆಟ್ಟಿಲು ಹೇಳಿದೆ. ಬೆಟ್ಟದಲ್ಲಿ ಬೆಂಕಿಯಿದೆ: ಇದು ಪ್ರತಿಜ್ಞೆ. ಏಕೆಂದರೆ ಹೊಗೆ ಕಾಣುತ್ತಿದೆ: ಇದು ಹೇತು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ: ಇದು ಉದಾಹರಣೆ. ಬೆಟ್ಟದಲ್ಲೂ ಅಂಥದೇ ಹೊಗೆ: ಇದು ಉಪನಯ. ಆದ್ದರಿಂದ ಬೆಂಕಿಯಿದೆ: ಇದು ನಿಗಮನ. ಅಷ್ಟು ದೊಡ್ಡ ಶಾಸ್ತ್ರಕ್ಕೂ ಉದಾಹರಣೆ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲೇ ನೋಡಿ!

ಎರಡು ಎಚ್ಚರಿಕೆ ಬೇಕು. ಕಂಡದ್ದು ಹೊಗೆಯೋ, ಬರೀ ಮಂಜೋ? ಆಧಾರವನ್ನು ಮೊದಲು ಪರೀಕ್ಷಿಸಿ. ಇನ್ನೊಂದು, ಗ್ಯಾಸ್ ಒಲೆಯಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಸೂತ್ರವನ್ನು ತಿರುಗುಮುರುಗು ಮಾಡಬೇಡಿ. ಆಧಾರಕ್ಕೂ ಮಾತಿಗೂ ಇರುವ ಕೊಂಡಿಯನ್ನು ಬಾಯಿಬಿಟ್ಟು ಹೇಳಬೇಕು. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಬರೆದ ಪುಸ್ತಕದಲ್ಲೂ ಈ ಕೊಂಡಿಗೆ ಮುಖ್ಯ ಸ್ಥಾನವಿದೆ.

ಹುಡುಗಿ ಯೋಚಿಸಿ ಹೊಸ ಪ್ರತಿಜ್ಞೆ ಬರೆದಳು: "ಕಾವೇರಿ ಮತ್ತೆ ಹುಚ್ಚಿಯಾದದ್ದು ಕಾಯಿಲೆಯಿಂದಲ್ಲ, ಮನೆಯವರ ಅಪನಂಬಿಕೆಯಿಂದ."

ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ಅತ್ತೆ ತಡೆದರಂತೆ. ಪುಟ್ಟಣ್ಣ ಕಣಗಾಲರ 1971ರ ಚಿತ್ರವನ್ನು ಅವರು ನೋಡಿದ್ದರು. "ಕಾಯಿಲೆ ತಾನಾಗೇ ಮರುಕಳಿಸಿರಬಾರದೇನೇ?"

ಇದೇ ಪೂರ್ವಪಕ್ಷ! ಎದುರಾಳಿಯ ಮಾತನ್ನು ಅಡಗಿಸಿಟ್ಟರೆ ವಾದ ಬಲವಾಗದು. ಅದನ್ನು ಪೂರ್ತಿ ಹೇಳಿ, ಆಮೇಲೆ ಉತ್ತರಿಸಬೇಕು. ಅವಳು ಪುಸ್ತಕ ತೆರೆದು, ಆಸ್ಪತ್ರೆಯಿಂದ ಬಂದ ಕಾವೇರಿ ಹೇಗಿದ್ದಳು, ಸುತ್ತಲಿನವರು ಹೇಗೆ ನಡೆದುಕೊಂಡರು, ಯಾವುದು ಮೊದಲು, ಯಾವುದು ಆಮೇಲೆ ಎಂದು ಪುಟಸಂಖ್ಯೆ ಸಹಿತ ಪಟ್ಟಿ ಮಾಡಿದಳು. ಕಾಯಿಲೆಯ ಪಾಲೇ ಇಲ್ಲವೆನ್ನುವಂತಿಲ್ಲ ಎಂದು ಒಪ್ಪಿ, ಪ್ರತಿಜ್ಞೆಯನ್ನೇ ತಿದ್ದಿದಳು: "ಅಪನಂಬಿಕೆಯೇ ಮುಖ್ಯ ಕಾರಣವೆಂದು ಕಾದಂಬರಿ ತೋರಿಸುತ್ತದೆ." ಮಾತು ಚಿಕ್ಕದಾಯಿತು, ಆದರೆ ಗಟ್ಟಿಯಾಯಿತು.

ನಿನ್ನೆ ಪ್ರಬಂಧ ಅಂಚೆಗೆ ಬಿತ್ತು. ಅಂಕ ಎಷ್ಟು ಬರುವುದೋ, ನೋಡಬೇಕು. ಆದರೆ "ಸಾಕು ಬಿಡು" ಎಂದಿದ್ದ ಅತ್ತೆ ಈಗ, "ಮುಂದಿನ ಪ್ರಬಂಧ ಯಾವುದರ ಮೇಲೇ?" ಎಂದು ಕೇಳುತ್ತಿದ್ದಾರಂತೆ!