ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೂ ಇಲ್ಲಿ ಆದಾಯ ತೆರಿಗೆ ಇದೆಯೇ?

"ಫಾದರ್, ನಾನೀಗ ಕೆನಡಾದ ಪ್ರಜೆ. ಇಲ್ಲಿನ ಆದಾಯ ತೆರಿಗೆ ನನಗಿಲ್ಲ ಅಲ್ಲವೇ?" ಊರಿಗೆ ಬಂದವರಲ್ಲಿ ಹೀಗೆ ಕೇಳುವವರುಂಟು. ಈ ತಿಳುವಳಿಕೆ ತಪ್ಪು. ತೆರಿಗೆಯ ಮಟ್ಟಿಗೆ ಪೌರತ್ವ ಮುಖ್ಯವಲ್ಲ. ಎಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಒಟ್ಟು ಎಷ್ಟು ದಿನ ಭಾರತದಲ್ಲಿದ್ದೀರಿ ಎಂಬುದೇ ಲೆಕ್ಕ.

ಆ ಅವಧಿಯಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದವರು 'ನಿವಾಸಿ'. ಭಾರತೀಯ ಮೂಲವಿಲ್ಲದ ವಿದೇಶಿಯರು 60 ದಿನ ಇದ್ದು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇದ್ದಿದ್ದರೂ ನಿವಾಸಿಗಳೇ. ಭಾರತೀಯ ಮೂಲದವರು ಭೇಟಿಗೆ ಬಂದಾಗ ಈ 60 ದಿನದ ನಿಯಮದಿಂದ ವಿನಾಯಿತಿ ಇದೆ. ಆದರೆ ಇಲ್ಲಿನ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ 2020-21ರಿಂದ 60ರ ಬದಲು 120 ದಿನದ ಮಿತಿ ಬಂದಿದೆ.

ಒಂದು ಉದಾಹರಣೆ ನೋಡೋಣ. ವೃದ್ಧ ತಾಯಿಯ ಆರೈಕೆಗೆಂದು ಮಗ ನವೆಂಬರ್ 1ಕ್ಕೆ ಬರುತ್ತಾನೆ. ಇಲ್ಲಿ ಅವನಿಗೆ ಸಣ್ಣ ಬಾಡಿಗೆ ಆದಾಯ ಮಾತ್ರ. ಮಾರ್ಚ್ 31ಕ್ಕೆ 151 ದಿನ, ಅನಿವಾಸಿ. ಹೊಸ ವರ್ಷದಲ್ಲಿ ಸೆಪ್ಟೆಂಬರ್ 15ಕ್ಕೆ ಹೊರಟರೆ 168 ದಿನ, ಆಗಲೂ ಅನಿವಾಸಿ. ತಾಯಿಗೆ ಹುಷಾರಿಲ್ಲವೆಂದು ಸೆಪ್ಟೆಂಬರ್ 30ರವರೆಗೆ ನಿಂತರೆ 183 ದಿನ, ಅವನು ನಿವಾಸಿ!

ಅನಿವಾಸಿಗೆ ಭಾರತದಲ್ಲಿ ಬಂದ ಅಥವಾ ಹುಟ್ಟಿದ ಆದಾಯಕ್ಕೆ ಮಾತ್ರ ತೆರಿಗೆ. ಮನೆ ಬಾಡಿಗೆ, ಎನ್.ಆರ್.ಓ. ಖಾತೆಯ ಬಡ್ಡಿ ಇದರಲ್ಲಿ ಸೇರುತ್ತವೆ. ಈ ಬಡ್ಡಿಯಿಂದ ಬ್ಯಾಂಕು ಶೇಕಡಾ 30ರಷ್ಟು ಮುರಿಯುತ್ತದೆ, ಮೇಲೆ ಸೆಸ್ ಬೇರೆ. ಆದಾಯ ಕಡಿಮೆಯಿದ್ದವರು ರಿಟರ್ನ್ ಸಲ್ಲಿಸಿ ಹೆಚ್ಚು ಮುರಿದುದನ್ನು ವಾಪಸು ಪಡೆಯಬಹುದು. ಎಷ್ಟೋ ಮಂದಿ ಕೇಳುವುದೇ ಇಲ್ಲ. 'ಸಹಜ್' ನಮೂನೆ ಅನಿವಾಸಿಗಳಿಗಲ್ಲ ಎಂಬುದೂ ನೆನಪಿರಲಿ.

ಕಾಯಂ ಆಗಿ ಮರಳಿದವರ ವಿದೇಶಿ ಪಿಂಚಣಿಗೆ ಕೂಡಲೇ ಇಲ್ಲಿ ತೆರಿಗೆ ಬೀಳುವುದಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ 729 ದಿನ ಮೀರದಿದ್ದರೆ, ಅವರು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ'. ಪಿಂಚಣಿ ಅಲ್ಲಿನ ಖಾತೆಗೇ ಜಮೆಯಾಗುತ್ತಿರಲಿ. ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಈ ರಿಯಾಯಿತಿ ಮುಗಿದ ಬಳಿಕ ಲೋಕದ ಎಲ್ಲೆಡೆಯ ಆದಾಯವನ್ನೂ ತೋರಿಸಬೇಕು, ವಿದೇಶಿ ಖಾತೆ, ಆಸ್ತಿಗಳ ವಿವರವನ್ನೂ ಕೊಡಬೇಕು. ಬಚ್ಚಿಟ್ಟರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಎರಡೂ ದೇಶಗಳಲ್ಲಿ ತೆರಿಗೆ ತಗಲಿದರೆ ಒಪ್ಪಂದದ ಪ್ರಕಾರ ಪರಿಹಾರವಿದೆ. ಅದಕ್ಕೆ ಲೆಕ್ಕಪರಿಶೋಧಕರ ಬಳಿ ಹೋಗಿ.

ಹೋಗುವಾಗ ಹಳೆಯ ಪಾಸ್‌ಪೋರ್ಟುಗಳನ್ನೂ ಒಯ್ಯಿರಿ. ಹತ್ತು ವರ್ಷಗಳ ದಿನಲೆಕ್ಕ ಅವುಗಳ ಮುದ್ರೆಗಳಲ್ಲೇ ಇರುತ್ತದೆ.