ವಾಲಿಯ ಪ್ರಶ್ನೆ ಮತ್ತು ಮಾತಿನ ಹಕ್ಕು: ಪಾತ್ರಧಾರಣೆಯ ಆಟಗಳಲ್ಲಿ ಸ್ವತಂತ್ರ ವಿನ್ಯಾಸಕಾರರ ಪ್ರಭಾವ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯನ್ನು ಜನಪರಂಪರೆಯು ರಾಮಾಯಣದ ಕಿಷ್ಕಿಂಧೆಯೆಂದು ಗುರುತಿಸುತ್ತ ಬಂದಿದೆ. ಅಂಜನಾದ್ರಿ, ಪಂಪಾಸರೋವರ, ವಾಲಿಭಂಡಾರ ಎಂಬ ಸ್ಥಳನಾಮಗಳೇ ಈ ನಂಬಿಕೆಗೆ ಸಾಕ್ಷಿಯಾಗಿವೆ. ತುಂಗಭದ್ರೆಯ ದಡದ ಚಿಂತಾಮಣಿಯಲ್ಲಿ ನಿಂತು ರಾಮನು ವಾಲಿಗೆ ಬಾಣ ಬಿಟ್ಟನೆಂದು ಸ್ಥಳೀಯರು ಹೇಳುತ್ತಾರೆ. ಈ ಕಥಾಭಾಗದ ಅಂತ್ಯ ಮೊದಲೇ ನಿಶ್ಚಿತವಾದುದು: ವಾಲಿ ಸಾಯಲೇಬೇಕು. ಆದರೆ ಮರೆಯಲ್ಲಿ ನಿಂತು ಕೊಂದುದು ಧರ್ಮವೇ ಎಂದು ಸಾಯುವವನು ಕೇಳುವ ಪ್ರಶ್ನೆಗೆ ಅಂತಿಮವಾದ ಉತ್ತರವಿಲ್ಲ. ಘಟನೆ ಮುಗಿದಿದೆ, ವಾದ ಮುಗಿದಿಲ್ಲ.

ಕಥೆ ನಿಶ್ಚಿತವಾಗಿರುವಾಗ ಪಾತ್ರವನ್ನು ವಹಿಸಿದವನಿಗೆ ಎಷ್ಟು ಸ್ವಾತಂತ್ರ್ಯವಿದೆ? ಯಾರು ಏನನ್ನು ಹೇಳಬಹುದು ಎಂಬುದನ್ನು ನಿರ್ಧರಿಸುವವರು ಯಾರು? ಕನ್ನಡದ ತಾಳಮದ್ದಳೆಯಲ್ಲಿ ಬಹುಕಾಲದಿಂದ ಇರುವ ಈ ಪ್ರಶ್ನೆಯನ್ನು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಲವು ಆಟ ವಿನ್ಯಾಸಕಾರರು ಬೇರೊಂದು ದಾರಿಯಿಂದ ಎದುರಿಸಿದರು. ಇವೆರಡರ ನಡುವೆ ಚಾರಿತ್ರಿಕ ಸಂಪರ್ಕವೇನೂ ಇಲ್ಲ. ಇಲ್ಲಿ ಮಾಡುತ್ತಿರುವುದು ರಚನೆಯ ಹೋಲಿಕೆಯನ್ನು ಮಾತ್ರ.

1. ಆಟದ ಸ್ವರೂಪ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಪಾತ್ರಧಾರಣೆಯ ಆಟದಲ್ಲಿ ಕೆಲವರು ಮೇಜಿನ ಸುತ್ತ ಕುಳಿತು ಮಾತಿನ ಮೂಲಕವೇ ಒಂದು ಕಥೆಯನ್ನು ನಡೆಸುತ್ತಾರೆ. ವೇಷವಿಲ್ಲ, ರಂಗವಿಲ್ಲ, ಪ್ರೇಕ್ಷಕರೂ ಬೇಕಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಪ್ರಕಾರದ ಮೊದಲ ಮುದ್ರಿತ ಆಟವೆಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. ಸೈನ್ಯದ ಗೊಂಬೆಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ ಅದು ಬೆಳೆದುಬಂದಿತು. ಪ್ರತಿಯೊಬ್ಬ ಆಟಗಾರನಿಗೂ ಒಂದೊಂದು ಪಾತ್ರವಿದ್ದರೆ, ಒಬ್ಬ ನಿರ್ವಾಹಕ ಉಳಿದೆಲ್ಲವನ್ನೂ, ಎಂದರೆ ಊರು, ಶತ್ರು, ಹವೆ, ಪರಿಣಾಮ ಇವುಗಳನ್ನು ನಿರ್ಣಯಿಸುತ್ತಾನೆ. ಫಲ ಅನಿಶ್ಚಿತವಾದೆಡೆ ದಾಳ ಉರುಳುತ್ತದೆ.

ಈ ಆಟದ ಆರಂಭಿಕ ನಿಯಮಗಳಲ್ಲಿ ಹೆಚ್ಚಿನವು ಹೋರಾಟ ಮತ್ತು ಶೋಧನೆಗೆ ಸಂಬಂಧಿಸಿದವು. ಕತ್ತಿಯ ಏಟಿಗೆ ಲೆಕ್ಕವಿತ್ತು. ಮಾತಿನ ಏಟು ಬಹುಮಟ್ಟಿಗೆ ನಿರ್ವಾಹಕನ ವಿವೇಚನೆಗೆ ಬಿಟ್ಟುದಾಗಿತ್ತು. ಇಂತಹ ಆಟದಲ್ಲಿ ವಾಲಿಯನ್ನು ಹೊಡೆಯುವ ಬಾಣಕ್ಕೆ ನಿಯಮ ದೊರೆಯುತ್ತದೆ, ವಾಲಿಯ ಪ್ರಶ್ನೆಗೆ ದೊರೆಯುವುದಿಲ್ಲ.

2. ಸ್ವತಂತ್ರ ವಿನ್ಯಾಸಕಾರರು ಮಾಡಿದ್ದೇನು?

ದೊಡ್ಡ ಪ್ರಕಾಶನ ಸಂಸ್ಥೆಗಳ ಹೊರಗೆ ನಿಂತು, ತಮ್ಮ ಕೃತಿಯ ಹಕ್ಕನ್ನು ತಾವೇ ಉಳಿಸಿಕೊಂಡು, ಸಣ್ಣ ಪುಸ್ತಕಗಳಾಗಿ ಆಟಗಳನ್ನು ಪ್ರಕಟಿಸಿದವರನ್ನು ಸ್ವತಂತ್ರ ವಿನ್ಯಾಸಕಾರರು ಎನ್ನಲಾಗುತ್ತದೆ. 2001ರಲ್ಲಿ ಮುದ್ರಿತವಾದ 'ಸಾರ್ಸರರ್' ಆಟದ ಕರ್ತೃ ರಾನ್ ಎಡ್ವರ್ಡ್ಸ್ ಇವರಲ್ಲಿ ಪ್ರಮುಖ. ನಿಯಮವು ಆಟದ ಹೊರಗಿನ ಸಲಕರಣೆಯಲ್ಲ, ಎಂತಹ ಕಥೆ ಹುಟ್ಟಬೇಕೆಂಬುದನ್ನು ನಿಯಮವೇ ನಿರ್ಧರಿಸುತ್ತದೆ ಎಂಬುದು ಆತನ ವಾದದ ತಿರುಳು. ಒಳ್ಳೆಯ ನಿರ್ವಾಹಕನಿದ್ದರೆ ಯಾವ ನಿಯಮವಾದರೂ ಸರಿ ಎಂಬ ರೂಢಿಯ ಅಭಿಪ್ರಾಯವನ್ನು ಇದು ಅಲುಗಾಡಿಸಿತು.

ಪಾಲ್ ಚೇಗೆಯ 'ಮೈ ಲೈಫ್ ವಿತ್ ಮಾಸ್ಟರ್' (2003) ಆಟದಲ್ಲಿ ಆಟಗಾರರು ಕ್ರೂರ ಒಡೆಯನೊಬ್ಬನ ಸೇವಕರು. ಒಡೆಯನು ಕೊನೆಗೆ ಸಾಯುತ್ತಾನೆಂಬುದು ಎಲ್ಲರಿಗೂ ಮೊದಲೇ ತಿಳಿದಿದೆ. ಉಳಿಯುವ ಪ್ರಶ್ನೆಗಳು ಬೇರೆ: ಎದುರು ನಿಲ್ಲುವ ಸೇವಕ ಯಾರು, ಆ ಹೊತ್ತಿಗೆ ಅವನು ಏನಾಗಿ ಉಳಿದಿರುತ್ತಾನೆ? ಅಂತ್ಯ ನಿಶ್ಚಿತವಾದರೆ ಆಟದ ಸ್ವಾರಸ್ಯ ಕೆಡುತ್ತದೆಂಬ ಭಾವನೆಯನ್ನು ಈ ರಚನೆ ಅಲ್ಲಗಳೆದಿದೆ.

ವಿನ್ಸೆಂಟ್ ಬೇಕರ್‌ನ 'ಡಾಗ್ಸ್ ಇನ್ ದಿ ವಿನ್ಯಾರ್ಡ್' (2004) ಇನ್ನೂ ಮುಂದೆ ಹೋಯಿತು. ಇಲ್ಲಿ ಆಟಗಾರರು ಊರೂರು ಸುತ್ತಿ ತಪ್ಪು ಒಪ್ಪುಗಳ ತೀರ್ಮಾನ ಮಾಡುವ ಧರ್ಮರಕ್ಷಕರು. ಪ್ರತಿ ಸಂಘರ್ಷದಲ್ಲಿಯೂ ಒಬ್ಬನು ಮಾತನ್ನೋ ಕ್ರಿಯೆಯನ್ನೋ ಮುಂದಿಟ್ಟು ತನ್ನ ದಾಳಗಳನ್ನು ಅದಕ್ಕೆ ಪಣವಾಗಿ ಒಡ್ಡುತ್ತಾನೆ. ಎದುರಾಳಿ ತನ್ನ ದಾಳಗಳಿಂದ ಅದಕ್ಕೆ ಉತ್ತರ ಕೊಡಬೇಕು. ಉತ್ತರ ಸಾಲದಿದ್ದರೆ ಇರುವ ದಾರಿ ಎರಡೇ: ಸೋಲನ್ನು ಒಪ್ಪುವುದು, ಇಲ್ಲವೇ ಮಾತಿನಿಂದ ಕೈಗೆ, ಕೈಯಿಂದ ಬಂದೂಕಿಗೆ ಏರುವುದು. ವಾದದಲ್ಲಿ ಸೋಲುತ್ತಿರುವವನು ಆಯುಧ ಎತ್ತುವ ಆ ಕ್ಷಣವನ್ನೇ ನಿಯಮವು ನೈತಿಕ ಪ್ರಶ್ನೆಯನ್ನಾಗಿ ಮಾಡುತ್ತದೆ.

ಜೇಸನ್ ಮಾರ್ನಿಂಗ್‌ಸ್ಟಾರ್‌ನ 'ಫಿಯಾಸ್ಕೊ' (2009) ನಿರ್ವಾಹಕನನ್ನೇ ತೆಗೆದುಹಾಕಿತು. ಮೆಗ್ವಿ ಬೇಕರ್ ಮತ್ತು ವಿನ್ಸೆಂಟ್ ಬೇಕರ್ ರಚಿಸಿದ 'ಅಪಾಕಲಿಪ್ಸ್ ವರ್ಲ್ಡ್' (2010) ನಿರ್ವಾಹಕನನ್ನು ಉಳಿಸಿಕೊಂಡರೂ ಅವನು ಯಾವಾಗ, ಯಾವ ಬಗೆಯ ಮಾತು ಆಡಬಹುದೆಂಬುದನ್ನು ನಿಯಮದ ಕಟ್ಟಿಗೆ ತಂದಿತು. ಎರಡು ದಾಳಗಳ ಮೊತ್ತ ಹತ್ತು ಅಥವಾ ಮೇಲಾದರೆ ಪೂರ್ಣ ಜಯ; ಏಳರಿಂದ ಒಂಬತ್ತಾದರೆ ಏನನ್ನಾದರೂ ತೆತ್ತು ಪಡೆಯುವ ಜಯ; ಆರು ಅಥವಾ ಕಡಿಮೆಯಾದರೆ ನಿರ್ವಾಹಕನ ಸರದಿ. 'ಡಂಜನ್ ವರ್ಲ್ಡ್', 'ಮಾನ್‌ಸ್ಟರ್‌ಹಾರ್ಟ್ಸ್' ಮೊದಲಾದ ಹಲವು ಆಟಗಳು ಈ ಮಾದರಿಯಿಂದ ಹುಟ್ಟಿದವು. ಮುಖ್ಯವಾಹಿನಿಯಲ್ಲಿಯೂ ಒಲವು ಬದಲಾದುದನ್ನು ಗಮನಿಸಬಹುದು. 2014ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆವೃತ್ತಿಯು ಪಾತ್ರದ ಆದರ್ಶ, ಬಾಂಧವ್ಯ, ದೋಷಗಳನ್ನು ಬರೆದಿಡಲು ಹೇಳಿ, ಅವುಗಳಿಗೆ ತಕ್ಕಂತೆ ಆಡಿದವನಿಗೆ ಅನುಕೂಲವೊಂದನ್ನು ಒದಗಿಸಿತು.

ಹೀಗೆ ಸ್ವತಂತ್ರ ವಿನ್ಯಾಸಕಾರರ ಮುಖ್ಯ ಕೊಡುಗೆಯೆಂದರೆ ಮಾತಿನ ಹಕ್ಕನ್ನು ಹೊಸದಾಗಿ ಹಂಚಿ, ಆ ಹಂಚಿಕೆಯನ್ನು ನಿಯಮವಾಗಿ ಬರೆದಿಟ್ಟುದು. ಹೊಸ ಕಥಾಲೋಕಗಳ ಸೃಷ್ಟಿ ಅದರ ನಂತರದ್ದು.

3. ತಾಳಮದ್ದಳೆಯ ಹಂಚಿಕೆ

ಕನ್ನಡದಲ್ಲಿ ಈ ಹಂಚಿಕೆಯ ಮಾದರಿಗಳು ಹಲವು. ಕೊಪ್ಪಳ ಸೀಮೆಯಲ್ಲಿ ಜೀವಂತವಾಗಿರುವ ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದಿನ ಕೆಲವೇ ಮಂದಿ ಎಲ್ಲ ಪಾತ್ರಗಳಿಗೂ ದನಿಯಾಗುತ್ತಾರೆ. ಜಿಲ್ಲೆಯ ಮೋರನಾಳದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗಾಗಿಯೇ. ಇಲ್ಲಿ ವಾಲಿಗೂ ರಾಮನಿಗೂ ಕಂಠ ಒಂದೇ ಆಗಿರಬಹುದು.

ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆಯಲ್ಲಿ ಆ ಕಂಠ ಎರಡಾಗುತ್ತದೆ. ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರಾಗಿ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರದ ಮಾತನಾಡುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಬರುವ ವಾಲಿಯ ಕಥೆ ಕೂಟಗಳಿಗೆ ಬಲು ಪ್ರಿಯವಾದುದು. ಭಾಗವತನು ಹಾಡುವ ಪದ್ಯ ಕಥೆಯ ಗತಿಯನ್ನು ಕಟ್ಟಿಕೊಡುತ್ತದೆ. ಪದ್ಯದ ಅರ್ಥವನ್ನು ಬೆಳೆಸುವ ಸ್ವಾತಂತ್ರ್ಯ ಅರ್ಥಧಾರಿಯದು. ಮಾತು ಬರೆದುದಲ್ಲ, ಅಭ್ಯಾಸ ಮಾಡಿದ್ದೂ ಅಲ್ಲ. ಎದುರು ಪಾತ್ರ ಯಾವ ಪ್ರಶ್ನೆ ಹಾಕೀತೆಂಬುದು ಕುಳಿತಾಗಲೇ ತಿಳಿಯುವುದು. ವಾಲಿಯು ವಾದದಲ್ಲಿ ಗೆಲ್ಲಬಹುದು, ಬದುಕುವಂತಿಲ್ಲ. ರಾಮನು ಕಥೆಯಲ್ಲಿ ಗೆದ್ದಿದ್ದಾನೆ, ಸಭೆಯಲ್ಲಿ ಇನ್ನೂ ಗೆಲ್ಲಬೇಕಾಗಿದೆ.

ಈ ರಚನೆಯನ್ನು ಬೆಳೆಸಿದವರು ವ್ಯಕ್ತಿಗಳು. ಹರಿಕಥೆ ಮತ್ತು ಮೇಳಗಳ ಅನುಭವವಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿ, ರಾವಣ, ಮಾಗಧ ಮುಂತಾದ ಪ್ರತಿನಾಯಕರಿಗೆ ತರ್ಕದ ಬಲ ತುಂಬಿ, ಅವರ ಪಕ್ಷವನ್ನೂ ಸಭೆ ಕೇಳುವಂತೆ ಮಾಡಿದರು. ಕೃಷಿಕರಾಗಿದ್ದ ದೇರಾಜೆ ಸೀತಾರಾಮಯ್ಯನವರು (1914-1984) ಮಿತವಾದ, ಭಾವಸೂಕ್ಷ್ಮವಾದ ಮಾತಿನಿಂದ ಬೇರೊಂದು ದಾರಿ ತೋರಿಸಿದರು. ಮಾತಿನ ಹಕ್ಕನ್ನು ಹೇಗೆ ಬಳಸಬೇಕೆಂಬುದನ್ನು ಇಬ್ಬರೂ ಕೂಟದಲ್ಲಿಯೇ ತೋರಿಸಿಕೊಟ್ಟರು. ಆ ಅರ್ಥದಲ್ಲಿ ಇವರೂ ವಿನ್ಯಾಸಕಾರರೇ.

4. ಹೋಲಿಕೆಯ ಮಿತಿ ಮತ್ತು ಪ್ರಯೋಜನ

ವ್ಯತ್ಯಾಸಗಳು ಸಣ್ಣವಲ್ಲ. ತಾಳಮದ್ದಳೆಗೆ ಶ್ರೋತೃಸಮುದಾಯವಿದೆ, ಪುರಾಣದ ಹಿನ್ನೆಲೆಯಿದೆ, ದಾಳವಿಲ್ಲ. ಮೇಜಿನ ಆಟದಲ್ಲಿ ಆಡುವವರೇ ಕೇಳುವವರು. ಪೂರ್ವನಿಶ್ಚಿತ ಪದ್ಯದ ಸ್ಥಾನದಲ್ಲಿ ಅಲ್ಲಿ ನಿಯಮವಿದೆ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಪ್ರಭಾವ ಹರಡುವ ಬಗೆಯಲ್ಲಿದೆ. ಬೇಕರ್ ದಂಪತಿಗಳ ಆಟವನ್ನು ಅವರನ್ನು ಕಾಣದವರೂ ಪುಸ್ತಕ ತೆರೆದು ಆಡಬಲ್ಲರು, ತಿದ್ದಿ ಇನ್ನೊಂದು ಆಟ ಕಟ್ಟಬಲ್ಲರು. ಶೇಣಿಯವರ ವಾಲಿಯನ್ನು ಧ್ವನಿಮುದ್ರಣದಲ್ಲಿ ಕೇಳಬಹುದಾದರೂ, ಆ ಮಾತನ್ನು ಹುಟ್ಟಿಸಿದ ಒಳನಿಯಮ ಮುದ್ರಣದಲ್ಲಿ ತಾನಾಗಿ ಗೋಚರಿಸುವುದಿಲ್ಲ. ಎದುರಾಳಿಗೆ ಎಲ್ಲಿ ಎಡೆಗೊಡಬೇಕು, ಯಾವ ಪ್ರಶ್ನೆ ಪ್ರಸಂಗದ ಚೌಕಟ್ಟನ್ನು ಮೀರುತ್ತದೆ, ಪದ್ಯ ಎತ್ತಲು ಭಾಗವತನಿಗೆ ಯಾವಾಗ ಸೂಚನೆ ಕೊಡಬೇಕು ಎಂಬುವೆಲ್ಲ ರೂಢಿಯಾಗಿ ವ್ಯಕ್ತಿಗಳಲ್ಲಿ ನೆಲೆಸಿದ ತಿಳಿವಳಿಕೆ. ವ್ಯಕ್ತಿ ಮರೆಯಾದಂತೆ ಅದೂ ತೆಳುವಾಗುತ್ತದೆ.

ಅರ್ಥಗಾರಿಕೆಯ ಅಧ್ಯಯನವು ಏನು ಹೇಳಿದರು ಎಂಬುದರ ಸಂಗ್ರಹಕ್ಕೆ ನಿಲ್ಲದೆ, ಹೇಳಲು ಯಾರಿಗೆ ಯಾವ ಹಕ್ಕಿತ್ತು ಎಂಬ ವಿವರಣೆಗೂ ತೊಡಗಬೇಕಾಗಿದೆ. ಒಂದೇ ಪ್ರಸಂಗದ ಹಲವು ಕೂಟಗಳನ್ನು ಅಕ್ಕಪಕ್ಕದಲ್ಲಿಟ್ಟು, ಪದ್ಯದಿಂದ ಪದ್ಯಕ್ಕೆ ಮಾತು ಕೈಬದಲಾಗುವ ಬಗೆಯನ್ನು ಗುರುತಿಸಿದರೆ ಇಂತಹ ನಿಯಮಗಳನ್ನು ಬರೆದಿಡುವುದು ಸಾಧ್ಯ. ರೂಢಿಯನ್ನು ಬರೆದಿಟ್ಟರೆ ಅದು ಜಡವಾಗುತ್ತದೆಂಬ ಆತಂಕ ಸಹಜವೇ. ಆದರೆ ಬರೆದಿಟ್ಟ ನಿಯಮವು ಮುಂದಿನವರಿಗೆ ತಿದ್ದುವ ಅವಕಾಶವನ್ನೂ ಕೊಡುತ್ತದೆಂಬುದನ್ನು ಸ್ವತಂತ್ರ ವಿನ್ಯಾಸಕಾರರ ಸಣ್ಣ ಪುಸ್ತಕಗಳು ತೋರಿಸಿಕೊಟ್ಟಿವೆ.